ಬೇಗ ಸಿಗುವ ಕಾಗದ, ಯಾರ ಕೈಯ ಕಾಗದ?



ಲೈನು ಮನೆಯಲ್ಲಿ ಹುಟ್ಟಿ, ತೋಟದ ಶಾಲೆಯಲ್ಲಿ ಅಕ್ಷರ ಕಲಿತ ಮಕ್ಕಳು ನರ್ಸಿಂಗ್ ಓದಿ, ಇಂಜಿನಿಯರಿಂಗ್ ಓದಿ ಕೆನಡಾ ದೇಶದವರೆಗೆ ಹೋಗಿರುವ ಕಾಲ ಇದು. ಅಂಥವರಲ್ಲಿ ಕೆಲವರು ಭಾರತದ ಪಾಸ್‌ಪೋರ್ಟು ಒಪ್ಪಿಸಿ ಕೆನಡಾದ ಪೌರರೂ ಆಗಿದ್ದಾರೆ. ಈಗ ಅವರ ಮುಂದೆ ಇನ್ನೊಂದು ಗಡಿ ಉಂಟು. ಪಕ್ಕದ ಅಮೆರಿಕದಲ್ಲಿ ಸಂಬಳ ಹೆಚ್ಚು, ಹೋಗೋಣವೇ, ಹೋಗುವುದಾದರೆ ಯಾವ ವೀಸಾದಲ್ಲಿ ಹೋಗೋಣ ಎಂದು ಫೋನಿನಲ್ಲಿ ಅಪ್ಪ ಅಮ್ಮನನ್ನು ಕೇಳುತ್ತಾರೆ. ಅಪ್ಪ ಅಮ್ಮ ಪಾಪ ಏನು ಹೇಳಿಯಾರು? ಏಜೆಂಟ್ ಹೇಳಿದ್ದನ್ನು ಹೇಳುತ್ತಾರೆ. ಏಜೆಂಟ್ ಹೇಳುವುದು ಒಂದೇ ಮಾತು: "ಟಿ.ಎನ್. ತೆಗೆದುಕೊಳ್ಳಿ. ಗಡಿಯಲ್ಲಿ 50 ಡಾಲರ್ ಕಟ್ಟಿದರೆ ಅದೇ ದಿವಸ ಕೆಲಸ ಮುಗಿಯಿತು. ಹೆಚ್-1ಬಿ ಎಂದು ಲಾಟರಿ ಚೀಟಿಗೆ ಕಾಯುವುದು ಮೂರ್ಖತನ."

ಈ ಮಾತು ಅರ್ಧ ನಿಜ. ಅರ್ಧ ನಿಜವಾದುದರಿಂದಲೇ ಅದರಲ್ಲಿ ಅಪಾಯ ಹೆಚ್ಚು. ಬೇಗ ಸಿಗುವ ಕಾಗದವೇ ಒಳ್ಳೆಯ ಕಾಗದ ಎಂದು ನಂಬಿ ಹೊರಟವರು, ಆ ಕಾಗದ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಕೇಳುವುದಿಲ್ಲ. ಕೆಲಸ ಹೋದ ಮರುದಿವಸ ನಾನು ಎಲ್ಲಿ ನಿಲ್ಲುತ್ತೇನೆ ಎಂದೂ ಕೇಳುವುದಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎಂಬುದನ್ನು ಲೈನು ಮನೆಯಲ್ಲಿ ಬಾಳಿದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆ ತಿಳಿವಳಿಕೆಯಿಂದಲೇ ಈ ಎರಡು ವೀಸಾಗಳನ್ನು ತೂಗಿ ನೋಡೋಣ.

ಎರಡು ಕಾಗದ ಯಾವುವು?

ಟಿ.ಎನ್. ಎಂದರೆ ನಮ್ಮ ಬಸ್ಸಿನ ನಂಬರಿನಲ್ಲಿರುವ ತಮಿಳುನಾಡು ಅಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ಈ ಮೂರು ದೇಶಗಳು ಸೇರಿ ಮಾಡಿಕೊಂಡ ನಾಫ್ಟಾ ಎಂಬ ವ್ಯಾಪಾರ ಒಪ್ಪಂದ 1994ರ ಜನವರಿ 1ರಂದು ಜಾರಿಗೆ ಬಂತು. ಸರಕಿನ ಜೊತೆಗೆ ಓದಿದ ಮನುಷ್ಯರೂ ಗಡಿ ದಾಟಲಿ ಎಂದು ಅದರಲ್ಲಿ ಉದ್ಯೋಗಗಳ ಒಂದು ಪಟ್ಟಿ ಸೇರಿಸಿದರು. ಇಂಜಿನಿಯರ್, ಅಕೌಂಟೆಂಟ್, ರಿಜಿಸ್ಟರ್ಡ್ ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್, ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್, ಪಶುವೈದ್ಯ, ಕಾಲೇಜು ಅಧ್ಯಾಪಕ, ಹೀಗೆ ಸುಮಾರು 60 ಉದ್ಯೋಗಗಳು. 2020ರ ಜುಲೈ 1ರಿಂದ ನಾಫ್ಟಾ ಹೋಗಿ ಅದರ ಜಾಗಕ್ಕೆ ಹೊಸ ಒಪ್ಪಂದ ಬಂದರೂ ಪಟ್ಟಿ ಹಾಗೆಯೇ ಉಳಿಯಿತು.

ಈ ಪಟ್ಟಿಯಲ್ಲಿರುವ ಉದ್ಯೋಗಕ್ಕೆ ತಕ್ಕ ಓದು, ಅಮೆರಿಕದ ಮಾಲೀಕರ ಪತ್ರ, ಪೌರತ್ವದ ಪುರಾವೆ, ಇಷ್ಟು ಹಿಡಿದುಕೊಂಡು ಕೆನಡಾದ ಪೌರನು ಗಡಿಯಲ್ಲೋ ವಿಮಾನ ನಿಲ್ದಾಣದಲ್ಲೋ ಅಧಿಕಾರಿಯ ಮುಂದೆ ನಿಂತರೆ ಸಾಕು. ಮೆಕ್ಸಿಕೊದವರು ಮಾತ್ರ ಮೊದಲೇ ಅಮೆರಿಕದ ಕಾನ್ಸುಲೇಟಿಗೆ ಹೋಗಿ ವೀಸಾ ಪಡೆಯಬೇಕು. ಒಮ್ಮೆಗೆ ಮೂರು ವರ್ಷದವರೆಗೆ ಕೊಡುತ್ತಾರೆ. ಎಷ್ಟು ಸಾರಿ ಬೇಕಾದರೂ ನವೀಕರಿಸಬಹುದು. ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿ ಇಲ್ಲ.

ಇಲ್ಲಿ ಒಂದು ಎಚ್ಚರ. ಕೆನಡಾದಲ್ಲಿ ಖಾಯಂ ನಿವಾಸಿಯಾಗಿದ್ದು ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟು ಇರುವವರಿಗೆ ಟಿ.ಎನ್. ಇಲ್ಲವೇ ಇಲ್ಲ. ಪೌರತ್ವ ಇರಲೇಬೇಕು. "ಪಿ.ಆರ್. ಇದ್ದರೆ ಸಾಕು, ನಾವು ಮಾಡಿಸಿಕೊಡುತ್ತೇವೆ" ಎಂದು ಯಾವ ಏಜೆಂಟ್ ಮುಂಗಡ ಕೇಳಿದರೂ ಅವನು ಸುಳ್ಳುಗಾರ. ಒಂದು ಕಾಸೂ ಕೊಡಬೇಡಿ.

ಹೆಚ್-1ಬಿ ಬೇರೆ. ಅದು 1990ರ ಅಮೆರಿಕದ ಕಾನೂನಿನಿಂದ ಬಂದದ್ದು, ಎಲ್ಲ ದೇಶದವರಿಗೂ ಸೇರಿದ್ದು. ಅರ್ಜಿ ಹಾಕಬೇಕಾದವನು ಮಾಲೀಕ. ವರ್ಷಕ್ಕೆ 65,000, ಅದರ ಮೇಲೆ ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ 20,000. ಕೇಳುವವರು ಇದಕ್ಕಿಂತ ಬಹಳ ಹೆಚ್ಚಾದುದರಿಂದ ಮಾರ್ಚಿಯಲ್ಲಿ ಹೆಸರು ನೋಂದಾಯಿಸಿ ಚೀಟಿ ಎತ್ತುತ್ತಾರೆ. ಬಂದರೆ ಅಕ್ಟೋಬರ್ 1ರಿಂದ ಕೆಲಸ. ವಿಶ್ವವಿದ್ಯಾಲಯಗಳು, ಅವಕ್ಕೆ ಸೇರಿದ ಲಾಭರಹಿತ ಸಂಸ್ಥೆಗಳು, ಲಾಭರಹಿತ ಹಾಗೂ ಸರಕಾರಿ ಸಂಶೋಧನಾ ಸಂಸ್ಥೆಗಳು ಈ ಮಿತಿಯ ಹೊರಗೆ. ಮೂರು ವರ್ಷ, ಮತ್ತೆ ಮೂರು ವರ್ಷ, ಒಟ್ಟು ಆರು.

ಇಷ್ಟು ಸಾಲದು ಎಂದು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಒಂದು ಘೋಷಣೆ ಹೊರಡಿಸಿದರು. ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಹೆಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದು, 12 ತಿಂಗಳ ಅವಧಿಗೆ, ಬೇಕಾದರೆ ಮುಂದುವರಿಸುವಂತೆ. ಒಂದು ಕಡೆ 50 ಡಾಲರ್, ಇನ್ನೊಂದು ಕಡೆ ಒಂದು ಲಕ್ಷ ಡಾಲರ್. ಹೀಗೆ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಟಿ.ಎನ್. ಕಡೆಗೇ ಕೈ ಹೋಗುತ್ತದೆ. ಆದರೆ ಬಾಗಿಲಿನ ಬೆಲೆ ನೋಡಿ ಮನೆಯ ಯೋಗ್ಯತೆ ಹೇಳಬಹುದೇ? ಒಳಗೆ ಹೋಗಿ ನೋಡೋಣ.

ಸಂಬಳದ ಕಾವಲು ಎಲ್ಲಿದೆ?

ಹೆಚ್-1ಬಿಯಲ್ಲಿ ಮಾಲೀಕನು ಮೊದಲು ಅಮೆರಿಕದ ಕಾರ್ಮಿಕ ಇಲಾಖೆಗೆ ಒಂದು ಹೇಳಿಕೆ ಬರೆದು ಕೊಡಬೇಕು. ತನ್ನಲ್ಲಿ ಅದೇ ಕೆಲಸ ಮಾಡುವ ಇತರರ ಸಂಬಳ, ಆ ಪ್ರದೇಶದಲ್ಲಿ ಆ ಕೆಲಸಕ್ಕೆ ನಡೆಯುವ ಸಂಬಳ, ಈ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುತ್ತೇನೆಂದು ಒಪ್ಪಬೇಕು. ಆ ಹೇಳಿಕೆಯ ವಿಷಯವನ್ನು ಕೆಲಸದ ಸ್ಥಳದಲ್ಲಿ ಯೂನಿಯನ್ ಇದ್ದರೆ ಯೂನಿಯನ್ನಿಗೆ ತಿಳಿಸಬೇಕು, ಇಲ್ಲದಿದ್ದರೆ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ತನ್ನಲ್ಲಿ ಕೆಲಸ ಇಲ್ಲವೆಂದು ನೌಕರನನ್ನು ಸುಮ್ಮನೆ ಕೂರಿಸಿದರೂ ಸಂಬಳ ನಿಲ್ಲಿಸುವಂತಿಲ್ಲ. ಗೊತ್ತಾದ ಅವಧಿಗೆ ಮೊದಲೇ ಕೆಲಸದಿಂದ ತೆಗೆದರೆ ಊರಿಗೆ ಹಿಂತಿರುಗುವ ಪ್ರಯಾಣದ ಖರ್ಚು ಮಾಲೀಕನದು. ಅರ್ಜಿಯ ಮುಖ್ಯ ಶುಲ್ಕಗಳನ್ನು ಅವನೇ ಕಟ್ಟಬೇಕು.

ಎಲೆ ಕಡಿಮೆ ಇದೆ, ಇವತ್ತು ಕೆಲಸ ಇಲ್ಲ ಎಂದು ಮೇಸ್ತ್ರಿ ಹಿಂದಕ್ಕೆ ಕಳುಹಿಸಿದ ದಿವಸ ಹಾಜರಿ ಬೀಳುತ್ತದೆಯೇ ಇಲ್ಲವೇ ಎಂಬುದಕ್ಕೆ ಎಷ್ಟು ಜಗಳವಾಡಿದ್ದೇವೆ ಎಂದು ನೆನೆದುಕೊಂಡರೆ, ಈ ನಿಯಮದ ಬೆಲೆ ನಮಗೆ ಗೊತ್ತಾಗುತ್ತದೆ.

ಟಿ.ಎನ್.ನಲ್ಲಿ ಇದಾವುದೂ ಇಲ್ಲ. ಪತ್ರದಲ್ಲಿ ಸಂಬಳ ಬರೆಯಬೇಕು, ಅಷ್ಟೇ. ಆ ಸಂಬಳ ಅಲ್ಲಿಯವರಿಗೆ ಕೊಡುವುದಕ್ಕಿಂತ ಕಡಿಮೆಯೇ ಎಂದು ಕಾರ್ಮಿಕ ಇಲಾಖೆ ಮೊದಲೇ ನೋಡುವ ಕ್ರಮ ಇಲ್ಲ. ಯೂನಿಯನ್ನಿಗೆ ತಿಳಿಸುವ ಕಟ್ಟಳೆ ಇಲ್ಲ. ಹಿಂತಿರುಗುವ ಖರ್ಚಿನ ಮಾತಿಲ್ಲ. ಮುಷ್ಕರ ನಡೆಯುವ ಸ್ಥಳಕ್ಕೆ ಹೊರಗಿನವರನ್ನು ತಂದು ಮುಷ್ಕರ ಮುರಿಯುವುದಕ್ಕೆ ಎರಡರಲ್ಲೂ ತಡೆ ಉಂಟು. ಅದೊಂದನ್ನು ಬಿಟ್ಟರೆ ಟಿ.ಎನ್. ಮಾಲೀಕನ ಮೇಲೆ ಹೊರಿಸಿರುವ ಭಾರ ತೀರಾ ಹಗುರ. ಬೇಗ ಸಿಗುವುದು ಯಾತಕ್ಕೆ ಎಂದು ಈಗ ತಿಳಿಯಿತೇ? ತಡವಾಗಿಸುವ ಕೆಲಸಗಳಲ್ಲಿ ಹೆಚ್ಚಿನವು ನೌಕರನ ಕಾವಲಿಗೆ ಇದ್ದವು. ಅವನ್ನು ತೆಗೆದುಹಾಕಿದ್ದರಿಂದ ದಾರಿ ಚಿಕ್ಕದಾಯಿತು.

ಪತ್ರದಲ್ಲಿ ಪಶುವೈದ್ಯ, ಕೊಟ್ಟಿಗೆಯಲ್ಲಿ ಕೂಲಿ

ಕಾವಲಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಐಡಾಹೊ ರಾಜ್ಯದ ಒಂದು ಮೊಕದ್ದಮೆ ಸಾಕ್ಷಿ. ಮೆಕ್ಸಿಕೊದಲ್ಲಿ ಪಶುವೈದ್ಯ ಓದಿದ ಆರು ಮಂದಿಯನ್ನು ಪಶುವಿಜ್ಞಾನಿಗಳ ಕೆಲಸವೆಂದು ಹೇಳಿ ಟಿ.ಎನ್. ವೀಸಾದಲ್ಲಿ ಒಂದು ಹೈನು ಕೇಂದ್ರಕ್ಕೆ ಕರೆಸಿದರು. ಅಲ್ಲಿ ತಮ್ಮಿಂದ ಮಾಡಿಸಿದ್ದು ಹಾಲು ಕರೆಯುವ, ಕೊಟ್ಟಿಗೆ ಬಳಿಯುವ ಕೂಲಿ ಕೆಲಸ ಎಂದು ಅವರು 2017ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ದಾವೆ ಹಾಕಿದರು. ಕೆಳಗಿನ ನ್ಯಾಯಾಲಯ ವಿಚಾರಣೆಯೇ ಬೇಡವೆಂದು ಮುಚ್ಚಿಹಾಕಿತು. 2022ರಲ್ಲಿ ಒಂಬತ್ತನೆಯ ಸರ್ಕೀಟ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿ, ಬಲವಂತದ ದುಡಿಮೆಯ ಆರೋಪದ ಮೇಲೆ ದಾವೆ ಮುಂದುವರಿಯಬಹುದು ಎಂದು ಹೇಳಿತು. ಮೆಕ್ಸಿಕೊದ ಇಂಜಿನಿಯರುಗಳನ್ನು ಟಿ.ಎನ್. ಮೇಲೆ ಕರೆಸಿ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಾಲಿಗೆ ನಿಲ್ಲಿಸಿ ದುಡಿಸಿದರು ಎಂಬ ದಾವೆಗಳು ಜಾರ್ಜಿಯಾ ರಾಜ್ಯದಲ್ಲೂ ನಡೆದಿವೆ.

ಹಾಲು ಕರೆಯುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ದುಡಿಮೆಗೆ ಕೀಳು ಮೇಲು ಇಲ್ಲ. ಒಂದು ಕೆಲಸ ಹೇಳಿ ಕರೆತಂದು ಇನ್ನೊಂದು ಕೆಲಸ ಮಾಡಿಸುವುದು ಮೋಸ. ಆ ಪಶುವೈದ್ಯರು ಮೊದಲ ವಾರದಲ್ಲೇ ಬಿಟ್ಟು ಹೋಗಬಾರದಿತ್ತೇ ಎಂದು ಕೇಳುವವರು ಇದ್ದಾರೆ. ಹೋಗುವುದೆಲ್ಲಿಗೆ? ಕಾಗದ ಆ ಮಾಲೀಕನ ಹೆಸರಿಗೇ ಕಟ್ಟಿಹಾಕಿದೆ. ಬಿಟ್ಟರೆ ದೇಶ ಬಿಡಬೇಕು.

ಕೆಲಸ ಬದಲಾಯಿಸುವಾಗ

ಕೆಲಸ ಹೋದರೆ ಎರಡು ವೀಸಾದವರಿಗೂ 60 ದಿವಸದವರೆಗೆ ಗಡುವು ಉಂಟು. ಈ ನಿಯಮ 2017ರ ಜನವರಿಯಲ್ಲಿ ಬಂತು. ಅಷ್ಟರೊಳಗೆ ಹೊಸ ಮಾಲೀಕ ಸಿಗಬೇಕು, ಇಲ್ಲವೇ ಹೊರಡಬೇಕು. ಇಲ್ಲಿಯವರೆಗೆ ಇಬ್ಬರೂ ಸಮ. ಮುಂದೆ ಸಮವಲ್ಲ.

ಹೆಚ್-1ಬಿಯವರು ಹೊಸ ಮಾಲೀಕ ಅರ್ಜಿ ಸಲ್ಲಿಸಿದೊಡನೆ, ಮಂಜೂರಾಗುವ ಮೊದಲೇ, ಹೊಸ ಕಡೆ ಕೆಲಸಕ್ಕೆ ಸೇರಬಹುದು. 2000ದಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು ಈ ಹಕ್ಕನ್ನು ಕೊಟ್ಟಿದೆ. ಟಿ.ಎನ್.ನವರಿಗೆ ಈ ಹಕ್ಕಿಲ್ಲ. ಹೊಸ ಪತ್ರ ಹಿಡಿದು ಮತ್ತೆ ಗಡಿಗೆ ಹೋಗಬೇಕು, ಇಲ್ಲವೇ ಹೊಸ ಮಾಲೀಕ ಅರ್ಜಿ ಹಾಕಿ ಅದು ಮಂಜೂರಾಗುವವರೆಗೆ ಕಾಯಬೇಕು. ಗಡಿಯಲ್ಲಿ ನಿಂತ ಅಧಿಕಾರಿ ಒಪ್ಪಿದರೆ ಒಂದು ಗಂಟೆಯ ಕೆಲಸ. ಒಪ್ಪದಿದ್ದರೆ ಅಲ್ಲಿಂದಲೇ ಹಿಂದಕ್ಕೆ. ಬಾಡಿಗೆ ಮನೆ, ಮಕ್ಕಳ ಶಾಲೆ, ಕಾರಿನ ಸಾಲ ಎಲ್ಲ ಗಡಿಯ ಆಚೆ ಉಳಿಯುತ್ತದೆ.

ಇದು ನಮ್ಮ ಹಿರಿಯರು ಕಂಡ ವ್ಯವಸ್ಥೆಯ ಹೊಸ ರೂಪ. ಸಿಲೋನಿನ ತೋಟಗಳಿಂದ ಬಂದ ಕುಟುಂಬಗಳು ನೀಲಗಿರಿಯಲ್ಲಿ ಎಷ್ಟೋ ಇವೆ. ಅವರಲ್ಲಿ ಹಳಬರನ್ನು ಕೇಳಿದರೆ "ತುಂಡು" ಎಂಬ ಚೀಟಿಯ ಕತೆ ಹೇಳಿಯಾರು. ಕೂಲಿಯ ಮೇಲೆ ಇರುವ ಸಾಲ ಇಷ್ಟು, ಅದನ್ನು ಕಟ್ಟಿದರೆ ಇವನನ್ನು ಬಿಡುತ್ತೇನೆ ಎಂದು ತೋಟದ ದೊರೆ ಬರೆದುಕೊಡುತ್ತಿದ್ದ ಚೀಟಿ ಅದು. ತುಂಡು ಇಲ್ಲದೆ ಇನ್ನೊಂದು ತೋಟ ಸೇರಿಸಿಕೊಳ್ಳುತ್ತಿರಲಿಲ್ಲ. 1921ರಲ್ಲಿ ಕಾನೂನು ಮಾಡಿ ಅದನ್ನು ರದ್ದುಮಾಡಬೇಕಾಯಿತು. ಆಮೇಲೆ 1948ರ ಪೌರತ್ವ ಕಾನೂನು ಬಂದು ಅದೇ ಜನ ತಲೆಮಾರುಗಳಿಂದ ಬಾಳಿದ ನಾಡಿನಲ್ಲಿ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಅವರೂ ಒಪ್ಪಂದ ಮಾಡಿಕೊಂಡು ಲಕ್ಷಗಟ್ಟಲೆ ಜನರನ್ನು ಹಂಚಿಕೊಂಡರು. ದುಡಿಮೆ ಎಷ್ಟು ವರ್ಷದ್ದಾದರೂ ಕಾಗದ ಇನ್ನೊಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಆ ಕುಟುಂಬಗಳು ಕಂಡಿವೆ. ಇಂಜಿನಿಯರಿಗೂ ತೋಟದ ಕೂಲಿಗೂ ಸಂಬಳದಲ್ಲಿ ಅಜಗಜಾಂತರ ಇರಬಹುದು. ಕಟ್ಟಿಹಾಕುವ ಹಗ್ಗದ ಹುರಿ ಒಂದೇ.

ಹುಟ್ಟಿದ ಊರು ಬೆನ್ನು ಬಿಡದು

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಇದನ್ನು ಏಜೆಂಟ್ ಹೇಳುವುದಿಲ್ಲ, ಕೆನಡಾದಲ್ಲಿ ಹುಟ್ಟಿದ ಸಹೋದ್ಯೋಗಿಗೆ ಗೊತ್ತಿರುವುದಿಲ್ಲ.

ಟಿ.ಎನ್. ತಾತ್ಕಾಲಿಕ ಕಾಗದ. "ನಾನು ಅಮೆರಿಕದಲ್ಲಿ ನೆಲೆಸಲು ಬಂದವನಲ್ಲ, ಕೆಲಸ ಮುಗಿಸಿ ಹಿಂತಿರುಗುವವನು" ಎಂಬ ಭರವಸೆಯ ಮೇಲೆ ಅದನ್ನು ಕೊಡುತ್ತಾರೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರೆ ಆ ಭರವಸೆಗೆ ಸಂಶಯ ಬರುತ್ತದೆ. ಮುಂದಿನ ಸಾರಿ ಗಡಿಯಲ್ಲಿ ನಿಂತಾಗ ಅಧಿಕಾರಿ ನಿರಾಕರಿಸಬಹುದು. ಹೆಚ್-1ಬಿಯಲ್ಲಿ ಈ ಭಯ ಇಲ್ಲ. ಕೆಲಸ ಮಾಡುತ್ತಲೇ ನೆಲೆಸುವ ಅರ್ಜಿ ಹಾಕಬಹುದೆಂದು ಕಾನೂನೇ ಒಪ್ಪಿದೆ. ಮಾಲೀಕ ಹಾಕಿದ ಗ್ರೀನ್ ಕಾರ್ಡಿನ ಅರ್ಜಿ ಮಂಜೂರಾಗಿ ಸರದಿ ಮಾತ್ರ ಬಾರದಿದ್ದರೆ, ಆರು ವರ್ಷ ಕಳೆದ ಮೇಲೂ ಮೂರು ಮೂರು ವರ್ಷ ವಿಸ್ತರಿಸುತ್ತಾರೆ.

ಕೆನಡಾದಲ್ಲಿ ಹುಟ್ಟಿದವನಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ, ಅವನ ಸರದಿ ನಮ್ಮವರಿಗಿಂತ ಬಹಳ ಮುಂಚೆ ಬರುತ್ತದೆ. ನಮ್ಮ ಮಕ್ಕಳಿಗೆ ಹಾಗಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ನೂರಕ್ಕೆ 7ಕ್ಕಿಂತ ಹೆಚ್ಚು ಕೊಡಬಾರದೆಂದು ಮಿತಿ. ಯಾವ ದೇಶ ಎಂದು ಎಣಿಸುವುದು ಪಾಸ್‌ಪೋರ್ಟು ನೋಡಿ ಅಲ್ಲ, ಹುಟ್ಟಿದ ದೇಶ ನೋಡಿ. ಕೂನೂರಿನಲ್ಲಿ ಹುಟ್ಟಿದ ಹುಡುಗಿ ಕೆನಡಾದ ಪೌರಳಾದರೂ ಅಮೆರಿಕದ ಆ ಸಾಲಿನಲ್ಲಿ ಭಾರತದವಳೇ. 2025ರ ಕೊನೆಯಲ್ಲಿ ಭಾರತದಲ್ಲಿ ಹುಟ್ಟಿದವರ ಮುಖ್ಯ ಸಾಲುಗಳಲ್ಲಿ 2013ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಹನ್ನೆರಡು ವರ್ಷದ ಹಿಂದಿನವರು! ಇವತ್ತು ಸೇರಿದವರು ಯಾವಾಗ ತಲುಪುತ್ತಾರೆ? ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದವರಾದರೆ ಆ ದೇಶದ ಸಾಲಿಗೆ ಸೇರುವ ಅವಕಾಶ ಉಂಟು. ಇಬ್ಬರೂ ನಮ್ಮ ಕಡೆಯವರಾದರೆ ಅದೂ ಇಲ್ಲ.

ಆದುದರಿಂದ "ನನ್ನ ಗೆಳೆಯ ಟಿ.ಎನ್.ನಲ್ಲಿ ಹೋಗಿ ಮೂರು ವರ್ಷದಲ್ಲಿ ಗ್ರೀನ್ ಕಾರ್ಡು ಮಾಡಿಕೊಂಡ" ಎಂದು ಮಗ ಹೇಳಿದರೆ, ಆ ಗೆಳೆಯ ಹುಟ್ಟಿದ್ದೆಲ್ಲಿ ಎಂದು ಮೊದಲು ಕೇಳಿ. ಅವನ ಅಂಗಿ ನಮ್ಮ ಮಗನ ಮೈಗೆ ಹೊಂದುವುದಿಲ್ಲ.

ಜೊತೆಗೆ ಹೋಗುವವರ ಗತಿಯನ್ನೂ ನೋಡಬೇಕು. ಟಿ.ಎನ್.ನವರ ಗಂಡನಿಗೋ ಹೆಂಡತಿಗೋ ಸಿಗುವುದು ಟಿ.ಡಿ. ಎಂಬ ಕಾಗದ. ಓದಬಹುದು, ಕೂಲಿ ನಾಲಿ ಏನೂ ಮಾಡುವಂತಿಲ್ಲ. ಹೆಚ್-1ಬಿಯವರ ಸಂಗಾತಿಗೂ ಸಾಧಾರಣವಾಗಿ ಕೆಲಸವಿಲ್ಲ. ಆದರೆ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದವರ ಸಂಗಾತಿಗೆ 2015ರಿಂದ ಕೆಲಸದ ಪರವಾನಗಿ ಕೊಡುತ್ತಿದ್ದಾರೆ. ತೋಟದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದು ಸಂಸಾರ ನಡೆಸಿದವರು ನಾವು. ಕೆನಡಾದಲ್ಲಿ ಇಬ್ಬರೂ ದುಡಿಯುತ್ತಿದ್ದ ಮನೆ, ಒಬ್ಬರ ಸಂಬಳದ ಆಸೆಗೆ ಗಡಿ ದಾಟಿ, ಇನ್ನೊಬ್ಬರನ್ನು ವರ್ಷಗಟ್ಟಲೆ ಮನೆಯಲ್ಲಿ ಕೂರಿಸಿದರೆ ಲಾಭವೆಷ್ಟು? ಹೆಚ್ಚಾದ ಸಂಬಳದಲ್ಲಿ ಹೋದ ಸಂಬಳವನ್ನು ಕಳೆದು ನೋಡಿ. ಕೆನಡಾದಲ್ಲಿ ಸರಕಾರವೇ ನೋಡಿಕೊಳ್ಳುವ ಆಸ್ಪತ್ರೆಯ ಖರ್ಚನ್ನೂ ಆ ಲೆಕ್ಕಕ್ಕೆ ಸೇರಿಸಿ.

ಹಾಗಾದರೆ ಹೆಚ್-1ಬಿ ಸ್ವರ್ಗವೇ?

ಅಲ್ಲವೇ ಅಲ್ಲ. ಹೆಚ್-1ಬಿ ಮಾತ್ರ ಮರ್ಯಾದೆಯ ವೀಸಾ ಎಂದು ಮೀಸೆ ತಿರುವುವವರಿಗೂ ಇದೇ ಉತ್ತರ. ಮಂಜೂರಾಗುವ ಹೆಚ್-1ಬಿಗಳಲ್ಲಿ ಹತ್ತಕ್ಕೆ ಏಳರಷ್ಟು ಭಾರತದಲ್ಲಿ ಹುಟ್ಟಿದವರದ್ದು. ಅವರಲ್ಲಿ ಎಷ್ಟೋ ಜನ ಗ್ರೀನ್ ಕಾರ್ಡಿನ ಸಾಲಿನಲ್ಲಿ ತಲೆ ನರೆಯುವವರೆಗೆ ನಿಂತಿದ್ದಾರೆ. ಸಾಲು ಮುಗಿಯುವ ಮೊದಲೇ ಮಕ್ಕಳಿಗೆ 21 ತುಂಬಿದರೆ ತಂದೆತಾಯಿಯ ವೀಸಾದ ನೆರಳು ಮಕ್ಕಳಿಗೆ ತಪ್ಪಿಹೋಗುತ್ತದೆ. ಕಾನೂನಿನಲ್ಲಿ ಬದಲಾಯಿಸುವ ಹಕ್ಕಿದ್ದರೂ, ಅರ್ಜಿ ಕೆಡುತ್ತದೆಂಬ ಭಯಕ್ಕೆ ಮಾಲೀಕನ ಎದುರು ಬಾಯಿ ಮುಚ್ಚಿಕೊಂಡು ಇರುವವರು ಬಹಳ. ಚೀಟಿ ಬಾರದವರ ಗೋಳು ಬೇರೆ.

ನರ್ಸುಗಳಿಗಂತೂ ಹೆಚ್-1ಬಿ ಬಹುಮಟ್ಟಿಗೆ ಮುಚ್ಚಿದ ಬಾಗಿಲು. ಸಾಧಾರಣ ವಾರ್ಡಿನ ನರ್ಸ್ ಹುದ್ದೆಗೆ ಪದವಿ ಕಡ್ಡಾಯವಲ್ಲ ಎಂದು ಅಮೆರಿಕದ ಅಧಿಕಾರಿಗಳು ಹೇಳುತ್ತಾರೆ, ಪದವಿ ಕಡ್ಡಾಯವಿಲ್ಲದ ಹುದ್ದೆಗೆ ಹೆಚ್-1ಬಿ ಇಲ್ಲ. ಆದರೆ ಟಿ.ಎನ್. ಪಟ್ಟಿಯಲ್ಲಿ ನರ್ಸಿನ ಹೆಸರು ಇದೆ. ನರ್ಸ್ ಮಗಳಿಗೆ ಟಿ.ಎನ್. ಬೇಡವೇ ಬೇಡ ಎಂದರೆ ಅದೂ ಅನ್ಯಾಯದ ಮಾತಾಗುತ್ತದೆ. ಅವಳಿಗೆ ಬೇಕಾದದ್ದು ಬೇರೆ ಎಚ್ಚರ. ಎನ್‌ಕ್ಲೆಕ್ಸ್ ಪರೀಕ್ಷೆ, ಕೆಲಸ ಮಾಡುವ ರಾಜ್ಯದ ಲೈಸೆನ್ಸ್, ವೀಸಾಸ್ಕ್ರೀನ್ ಎಂಬ ಪ್ರಮಾಣಪತ್ರ ಇವು ಮೊದಲು ಕೈಯಲ್ಲಿರಬೇಕು. ಅಲ್ಲದೆ ಅವಳಿಗೆ ಮೂರನೆಯ ದಾರಿಯೂ ಉಂಟು. ಅಮೆರಿಕದಲ್ಲಿ ನರ್ಸುಗಳ ಕೊರತೆ ಇದೆಯೆಂದು ಕಾನೂನೇ ಒಪ್ಪಿರುವುದರಿಂದ, ಸ್ಥಳೀಯರು ಸಿಗಲಿಲ್ಲವೆಂದು ರುಜುವಾತು ಮಾಡುವ ಉದ್ದದ ಹಂತವಿಲ್ಲದೆ ಆಸ್ಪತ್ರೆಯವರು ನೇರವಾಗಿ ಗ್ರೀನ್ ಕಾರ್ಡಿನ ಅರ್ಜಿ ಹಾಕಬಹುದು. ಭಾರತದ ಸಾಲು ಉದ್ದವೇ. ಆದರೆ ಕೆನಡಾದಲ್ಲಿ ತನ್ನ ಖಾಯಂ ಕೆಲಸ ಮಾಡಿಕೊಂಡು, ತನ್ನ ಮನೆಯಲ್ಲಿದ್ದುಕೊಂಡು ಅವಳು ಆ ಸಾಲಿನಲ್ಲಿ ಕಾಯಬಹುದು. ಅಲ್ಲಿ ಕೆಲಸ ಹೋದರೂ ಯಾರೂ 60 ದಿವಸ ಎಣಿಸುವುದಿಲ್ಲ. ಕಾಯುವುದೇ ಆದರೆ ಕಾಲಿಗೆ ಸ್ವಂತ ನೆಲ ಇರುವ ಕಡೆ ಕಾಯಬೇಕು.

ಆರಿಸುವ ಕ್ರಮ

ಇಷ್ಟೆಲ್ಲ ಹೇಳಿ ಸುಮ್ಮನಿದ್ದರೆ ಪ್ರಯೋಜನವಿಲ್ಲ. ನನ್ನ ತೀರ್ಮಾನ ಇದು.

ಮದುವೆಯಾಗದವರು, ಅಥವಾ ಎರಡು ಮೂರು ವರ್ಷ ಸಂಪಾದಿಸಿ ಕೆನಡಾಕ್ಕೆ ಹಿಂತಿರುಗುವೆನೆಂದು ನಿಜವಾಗಿ ಮನಸ್ಸು ಮಾಡಿದವರು ಟಿ.ಎನ್.ನಲ್ಲಿ ಹೋಗಲಿ. ಅವರಿಗೆ ಅದು ಸರಿಯಾದ ಕಾಗದ. ಆದರೆ ಕೆನಡಾದ ಮನೆ, ಅಲ್ಲಿಯ ವೃತ್ತಿ ಲೈಸೆನ್ಸ್ ಬಿಟ್ಟುಕೊಡದಿರಲಿ. ಹಿಂತಿರುಗುವ ದಾರಿಯೇ ಟಿ.ಎನ್.ನ ನಿಜವಾದ ಬಲ.

ಸಂಸಾರದೊಡನೆ ಅಮೆರಿಕದಲ್ಲೇ ನೆಲೆಸಬೇಕೆಂಬುವರು ಟಿ.ಎನ್. ಒಂದನ್ನೇ ನಂಬಿ ಹೋಗಬಾರದು. ವಿಶ್ವವಿದ್ಯಾಲಯದ ಕೆಲಸ ಸಿಕ್ಕರೆ ಲಾಟರಿಯಿಲ್ಲದೆ ಹೆಚ್-1ಬಿ ಸಿಗಬಹುದು. ಇನ್ನು ಟಿ.ಎನ್.ನಲ್ಲಿ ಅಲ್ಲಿಗೆ ಹೋದವರಿಗಾಗಿ ಅಲ್ಲಿಂದಲೇ ಹೆಚ್-1ಬಿಗೆ ಬದಲಾಯಿಸುವ ಅರ್ಜಿ ಹಾಕಿ ಮಂಜೂರಾದರೆ ಆ ಒಂದು ಲಕ್ಷ ಡಾಲರ್ ಬೇಕಿಲ್ಲ ಎಂದು 2025ರ ಅಕ್ಟೋಬರಿನಲ್ಲಿ ಅಮೆರಿಕದ ವಲಸೆ ಇಲಾಖೆ ಸ್ಪಷ್ಟಮಾಡಿತು. ಆದುದರಿಂದ ಟಿ.ಎನ್. ಕೊಡುವ ಮಾಲೀಕನಿಂದ, ಮುಂದಿನ ಮಾರ್ಚಿಯಲ್ಲಿ ಹೆಚ್-1ಬಿ ಚೀಟಿಗೆ ಹೆಸರು ಹಾಕುತ್ತೇನೆ ಎಂದು ಹೊರಡುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೇಲೆ ಕೇಳಿದರೆ "ನೋಡೋಣ" ಎಂಬ ಉತ್ತರ ಬರುತ್ತದೆ. ಆ "ನೋಡೋಣ" ಎಷ್ಟು ವರ್ಷದ್ದೆಂದು ಬೋನಸ್ಸಿಗೆ ಕಾದ ನಮಗೆ ಗೊತ್ತು.

ಇನ್ನೊಂದು ವಿಷಯ ಮರೆಯಬಾರದು. ಟಿ.ಎನ್. ನಿಂತಿರುವುದು ಮೂರು ದೇಶಗಳ ಒಪ್ಪಂದದ ಮೇಲೆ. ಆ ಒಪ್ಪಂದದ ಅವಧಿ 16 ವರ್ಷ. ಆರನೆಯ ವರ್ಷವಾದ 2026ರಲ್ಲಿ ಮೂವರೂ ಕೂತು ಅದನ್ನು ಮುಂದುವರಿಸುವ ವಿಷಯ ಪರಿಶೀಲಿಸಬೇಕೆಂದು ಅದರಲ್ಲೇ ಬರೆದಿದೆ. ಯಾವ ದೇಶವಾದರೂ ಆರು ತಿಂಗಳ ನೋಟೀಸು ಕೊಟ್ಟು ಹೊರಗೆ ಹೋಗಬಹುದು. ಉಕ್ಕು, ಕಾರು, ಹಾಲಿನ ಜಗಳದ ನಡುವೆ ನಮ್ಮ ಮಗಳ ವೀಸಾ ಸಿಕ್ಕಿಕೊಂಡಿದೆ.

ಪಟ್ಟಿಯಲ್ಲಿ ಇಲ್ಲದವರು

"ಇದೆಲ್ಲ ಓದಿದವರ ಕತೆ, ಎಲೆ ಕೀಳುವ ನಮಗೇನು?" ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ 60 ಉದ್ಯೋಗಗಳ ಪಟ್ಟಿಯಲ್ಲಿ ಹೊಲದ ಕೆಲಸದವನ ಹೆಸರು ಇಲ್ಲ. ಅಮೆರಿಕದ ಹೊಲ ತೋಟಗಳಲ್ಲಿ ಹಣ್ಣು ತರಕಾರಿ ಕೀಳಲು ಮೆಕ್ಸಿಕೊದ ಕೂಲಿಗಳು ಬೇಕೇ ಬೇಕು. ಆದರೆ ಆರಿಸಿಕೊಳ್ಳಲು ಅವರಿಗೆ ಎರಡು ಕಾಗದ ಇಲ್ಲ. ಅವರಿಗೆ ಇರುವುದು ಹೆಚ್-2ಎ, ಒಬ್ಬ ಮಾಲೀಕನ ಅರ್ಜಿಗೆ ಕಟ್ಟಿದ, ಋತು ಮುಗಿದರೆ ಊರಿಗೆ ಕಳುಹಿಸುವ ಕಾಗದ. ಅದಕ್ಕೂ ಮೊದಲು 1942ರಿಂದ 1964ರವರೆಗೆ ಬ್ರಸೆರೊ ಎಂಬ ಯೋಜನೆ ಇತ್ತು. ಮೊದಲ ವರ್ಷಗಳಲ್ಲಿ ಆ ಕೂಲಿಗಳ ಸಂಬಳದಲ್ಲಿ ನೂರಕ್ಕೆ ಹತ್ತನ್ನು ಉಳಿತಾಯವೆಂದು ಹಿಡಿದಿಟ್ಟರು, ಊರಿಗೆ ಹೋದಾಗ ಕೊಡುತ್ತೇವೆ ಎಂದರು. ಎಷ್ಟೋ ಜನರಿಗೆ ಅದು ಬರಲೇ ಇಲ್ಲ. ಹಣಕ್ಕಾಗಿ ಮುದುಕರಾದ ಮೇಲೂ ಹೋರಾಡಿದರು.

ಹಾಗೆಂದು ಹೆಚ್-2ಎಯಲ್ಲಿ ಕೂಲಿಯ ಕನಿಷ್ಠ ದರ ಗೊತ್ತುಮಾಡಿದ್ದಾರೆ, ಮನೆ ಕೊಡಬೇಕು, ಹೇಳಿದ ಕೆಲಸದಲ್ಲಿ ನಾಲ್ಕಕ್ಕೆ ಮೂರು ಪಾಲನ್ನಾದರೂ ಕೊಡಲೇಬೇಕು. ಈ ಕಾವಲು ಹೊಲದ ಕೂಲಿಗೆ ಕಾಗದದ ಮೇಲಾದರೂ ಉಂಟು. ಟಿ.ಎನ್. ಇಂಜಿನಿಯರಿಗೆ ಅದೂ ಇಲ್ಲ! ಓದಿದವನಿಗೆ ಕಾವಲು ಬೇಡ, ಅವನ ಡಿಗ್ರಿಯೇ ಅವನನ್ನು ಕಾಯುತ್ತದೆ ಎಂದು ಒಪ್ಪಂದ ಮಾಡಿದವರು ಎಣಿಸಿದರು. ಐಡಾಹೊದ ಕೊಟ್ಟಿಗೆಯಲ್ಲಿ ನಿಂತ ಪಶುವೈದ್ಯರನ್ನು ಅವರ ಡಿಗ್ರಿ ಕಾಯಲಿಲ್ಲ.

ನ್ಯಾಯವಾಗಿ ಆಗಬೇಕಾದದ್ದು ಎರಡು. ಹೆಚ್-1ಬಿಯಲ್ಲಿರುವ ಸಂಬಳದ ನಿಯಮವನ್ನೂ ಮಾಲೀಕನನ್ನು ಬದಲಾಯಿಸುವ ಹಕ್ಕನ್ನೂ ಟಿ.ಎನ್.ಗೆ ಸೇರಿಸಬೇಕು. ಹೊಲದ ಕೂಲಿಯಿಂದ ಇಂಜಿನಿಯರಿನವರೆಗೆ ಯಾರ ಕಾಗದವೂ ಮಾಲೀಕನ ಜೇಬಿನಲ್ಲಿ ಇರಬಾರದು, ದುಡಿಯುವವನ ಹೆಸರಿನಲ್ಲೇ ಇರಬೇಕು. ಅದು ಆಗುವವರೆಗೆ, ಆರಿಸುವ ಅವಕಾಶ ಇರುವವರು ಕಣ್ಣು ತೆರೆದು ಆರಿಸಲಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಕ್ಕಳು ಮುಂದಿನ ಸಾರಿ ಫೋನ್ ಮಾಡಿದಾಗ ಈ ಐದು ಪ್ರಶ್ನೆ ಕೇಳಿ. ಪತ್ರದಲ್ಲಿ ಬರೆದಿರುವ ಕೆಲಸ ಯಾವುದು, ಮಾಡಬೇಕಾದ ಕೆಲಸ ಯಾವುದು? ಅದೇ ಕೆಲಸಕ್ಕೆ ಅಲ್ಲಿಯವರಿಗೆ ಸಂಬಳ ಎಷ್ಟು? ಕೆಲಸ ಹೋದರೆ 61ನೆಯ ದಿವಸ ಎಲ್ಲಿರುತ್ತೀಯೆ? ಜೊತೆಗೆ ಬರುವವರು ದುಡಿಯಬಹುದೇ? ನೆಲೆಸುವ ಮನಸ್ಸಿದ್ದರೆ ನೀನು ಹುಟ್ಟಿದ ದೇಶದ ಸಾಲು ಎಷ್ಟು ಉದ್ದ? ಐದಕ್ಕೂ ನೇರ ಉತ್ತರ ಬಂದರೆ ಧೈರ್ಯವಾಗಿ ಕಳುಹಿಸಿ. ಒಂದಕ್ಕಾದರೂ "ಏಜೆಂಟ್ ನೋಡಿಕೊಳ್ಳುತ್ತಾನೆ" ಎಂಬ ಉತ್ತರ ಬಂದರೆ, ಆ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ತಿಳಿದವರಿಗೆ ತೋರಿಸು, ಒಂದೊಂದು ಸಾಲನ್ನೂ ಓದಿಸು ಎಂದು ಹೇಳಿ.